ಸಂಜೆಯಾದರೆ ಏಳದ ರೋಬೋಟ್: ಎಸ್‌ಆರ್‌ವಿಒ-136, ಜೊತೆಗೆ ಕಪ್ಪಾಗುವ ಪೆಂಡೆಂಟ್

ತಾರಿಹಾಳ_ವೆಲ್ಡ್

ನಮಸ್ಕಾರ್ರೀ ಎಲ್ಲಾರಿಗೂ. ತಾರಿಹಾಳದಾಗ ರೋಟಾವೇಟರ್ ಫ್ರೇಮ್ ವೆಲ್ಡಿಂಗ್ ಮಾಡೋ ಶೆಡ್ ನಮ್ದು. ಒಂದು ಸೆಕೆಂಡ್ ಹ್ಯಾಂಡ್ ರೋಬೋಟ್ ಐತಿ, ಅಮೆರಿಕಾದಾಗ ಓಡಿ ಬಂದದ್ದು. ಫ್ಯಾನಕ್ ಆರ್-30ಐಎ ಕಂಟ್ರೋಲರ್, ಜೋಡಿಗೆ ಒಂದು ಪೊಸಿಷನರ್, ಅಂದ್ರ ವೆಲ್ಡ್ ಮಾಡೋ ಜಾಬ್ ಹಿಡದು ತಿರುಗಸೂ ಟೇಬಲ್.

ತ್ರಾಸು ಎರಡು ಅದಾವ. ಒಂದು, ಮುಂಜಾನಿ ಪಾಳಿಯೊಳಗ ಗಂಡಾಂತರ ಇಲ್ಲದ ಓಡತೈತಿ. ಸಂಜಿ ಆರು ದಾಟಿತು ಅಂದ್ರ ಸರ್ವೋ, ಅಂದ್ರ ರೋಬೋಟಿನ ಮೋಟರ್‌ಗಳು, ಆನ್ ಆಗೂ ಹೊತ್ತಿಗೆ, ಇಲ್ಲಾ ಪೊಸಿಷನರ್ ತಿರುಗೂ ಹೊತ್ತಿಗೆ ಎಸ್‌ಆರ್‌ವಿಒ-136 ಅನ್ನೂ ಅಲಾರ್ಮ್ ಬಂದು ನಿಂತ ಬಿಡತೈತಿ. ರಿಸೆಟ್ ಹೊಡದ್ರ ಒಮ್ಮೆ ಹೋಗತೈತಿ, ಒಮ್ಮೆ ಇಲ್ಲ. ಎರಡು, ಒಮ್ಮೊಮ್ಮೆ ಪೆಂಡೆಂಟ್, ಅಂದ್ರ ಕೈಯಾಗ ಹಿಡದು ರೋಬೋಟ್ ನಡಸೂ ಸ್ಕ್ರೀನಿನ ಡಬ್ಬಿ, ಪೂರ್ತಿ ಕಪ್ಪಾಗತೈತಿ. ಪ್ಯಾನಲ್ ಒಳಗ ಫ್ಯಾನ್ ತಿರುಗತಿರತಾವ. ಆಫ್ ಮಾಡಿ ಆನ್ ಮಾಡಿದ್ರ ಮತ್ತ ಬರತೈತಿ.

ಕೂಡಿಸಿ ಕೊಟ್ಟವ್ರನ್ನ ಕೇಳಿದ್ರ ಪವರ್ ಸಪ್ಲೈ ಯೂನಿಟ್, ಸರ್ವೋ ಆಂಪ್ಲಿಫೈಯರ್ ಎರಡೂ ಬದಲಿ ಮಾಡ್ರಿ ಅಂತಾರ. ಆ ಕೊಟೇಶನ್ ನೋಡಿ ನಮ್ಮ ಮಾಲಕರು ಎರಡು ದಿನ ಮಾತಾಡಲಿಲ್ಲ. 24 ವೋಲ್ಟ್ ನಾನ ಅಳದೀನಿ, 24.1 ಗಟ್ಟಿ ಐತಿ. ಅಂದ್ರ ಸಪ್ಲೈ ಸರಿ ಐತಿ ಅಂತ ಆತಲ್ಲ? ಮತ್ತ ಯಾಕ ಹಿಂಗ?

ಬೇಲೂರು_ಬಿ_ಶಿಫ್ಟ್

ಪವರ್ ಸಪ್ಲೈನ ಇರಬೇಕ್ರಿ. ನಮ್ಮ ಲೈನಿನಾಗೂ ಇದ ಮಾಡೆಲ್ ಐತಿ, ಪಿಎಸ್‌ಯು ಬದಲಿ ಮಾಡಿದ ಮ್ಯಾಲ ಸುಮ್ನಾತು. ಇನ್ನೊಂದು, ನಿಮ್ಮ ಮೇನ್‌ಗೆ ಇಎಲ್‌ಸಿಬಿ (ಕರೆಂಟ್ ಅರ್ಥ್‌ಗೆ ಸೋರಿದ್ರ ಬೀಳೂ ಬ್ರೇಕರ್) ಹಾಕೀರೇನು? ಸರ್ವೋ ಆಂಪ್ಲಿಫೈಯರ್‌ನಿಂದ ಅರ್ಥ್‌ಗೆ ಸಣ್ಣಗೆ ಲೀಕೇಜ್ ಇದ್ದ ಇರತೈತಿ. ಮನಿಗೆ ಹಾಕೂ 30 ಮಿಲಿ ಆಂಪಿಯರಿಂದು ಕೂಡಿಸಿದ್ರ ಆನ್ ಮಾಡಿದ ಕೂಡಲೇ ಬೀಳತೈತಿ. ಇನ್ವರ್ಟರ್ ಲೋಡಿಗೆ ಅಂತ ಬರೂದು ಬ್ಯಾರೆ.

ಪ್ಯಾನಲ್_ಕಾಕಾ

ತಮ್ಮಾ ತಾರಿಹಾಳ, ಇನ್ನೂ ಒಂದು ಕಾರ್ಡಿಗೂ ಕೈ ಹಚ್ಚಬ್ಯಾಡ. ಗೋಕುಲ ರೋಡ್ ಎಸ್ಟೇಟಿನಾಗ ಪ್ಯಾನಲ್ ಕಟ್ಟಿ ಕಟ್ಟಿ ಮುಪ್ಪಾದಾಂವ ನಾನು. ಹೊತ್ತು ನೋಡಿ ಬರೂ ಫಾಲ್ಟು ಕಾರ್ಡಿಂದ ಅಲ್ಲ, ಕಾರ್ಡಿಗೇನು ಮುಂಜಾನಿ ಸಂಜಿ ಗೊತ್ತಾಗತೈತಿ? ಹೊತ್ತು ನೋಡಿ ಬದಲಾಗೂದು ಲೈನು, ಕಾವು, ಮಂದಿ. ಇವು ಮೂರ. ಮೊದಲು ಲೈನು ನೋಡು.

136 ಅಂದ್ರ ಏನು? ಆಂಪ್ಲಿಫೈಯರ್ ಒಳಗಿನ ಡಿಸಿ ಲಿಂಕ್, ಅಂದ್ರ ಮೋಟರ್ ನಡಸಾಕ ಎಸಿಯಿಂದ ಮಾಡಿದ ಡಿಸಿ, ಅದರ ವೋಲ್ಟೇಜ್ ಕಡಿಮಿ ಆತು ಅಂತ. ಅದಕ್ಕ ಡಿಸಿಎಲ್‌ವಿಎಎಲ್ ಅಂತ ಬಾಜೂಕ ಬರೀತೈತಿ. ಕಡಿಮಿ ಆಗಾಕ ಎರಡ ದಾರಿ. ಒಳಗ ಬರೂದ ಕಡಿಮಿ ಬರಾಕ್ಹತ್ತೈತಿ, ಇಲ್ಲಾ ಬಂದದ್ದು ನಡುವ ಎಲ್ಲೋ ಸೋರಾಕ್ಹತ್ತೈತಿ. ಎರಡನೇದರಾಗ ಸಡ್ಲಾದ ಲಗ್ಗು, ಸುಟ್ಟ ಕಾಂಟ್ಯಾಕ್ಟರ್ ಪಾಯಿಂಟು, ಬಿದ್ದ ಬ್ರೇಕರು ಎಲ್ಲಾ ಬಂತು. ಆಂಪ್ಲಿಫೈಯರ್ ಕೆಟ್ಟೈತಿ ಅನ್ನೂದು ಎಲ್ಲಾರಗಿಂತ ಕಡಿಗೆ ಹೇಳೂ ಮಾತು. ಕೊಟೇಶನ್ ಕೊಡೂ ಮಂದಿ ಅದನ್ನ ಮೊದಲಿಗೆ ಹೇಳತಾರ, ಇರಲಿ.

ನನಗ ಬೇಕಾದ್ದು ಇಷ್ಟು. ಕಂಟ್ರೋಲರ್ ಒಳಗ ಟ್ರಾನ್ಸ್‌ಫಾರ್ಮರ್ ಐತಲ್ಲ, ಅದರ ಪ್ರೈಮರಿ (ಲೈನು ಒಳಗ ಬರೂ ಕಡೆ) ಯಾವ ಟ್ಯಾಪಿಗೆ, ಅಂದ್ರ ಎಷ್ಟು ವೋಲ್ಟಿನ ಪಾಯಿಂಟಿಗೆ ಕೂಡೇತಿ? ಫೋಟೊ ಹಾಕು. ಅಮೆರಿಕಾದ ಕಾರ್ಖಾನ್ಯಾಗ 480 ವೋಲ್ಟ್, ನಮ್ಮಲ್ಲಿ 415. ನನಗ ಸಂಶೇ ಅಲ್ಲೇ ಐತಿ.

ಡಿಪ್ಲೊಮಾ_ಕೊನೇ_ವರ್ಷ

ಸರ್, ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸ್ರಿ. 24 ವೋಲ್ಟ್ ಸರಿಯಾಗಿ ಬರ್ತಿದ್ರೆ ಒಳಗೆ ಬರೋ ವೋಲ್ಟೇಜೂ ಸರಿ ಇರಬೇಕಲ್ಲ? ಇನ್‌ಪುಟ್ ಕಡಿಮೆ ಆದ್ರೆ 24 ಕೂಡ ಇಳೀಬೇಕಿತ್ತು.

ಸರ್ವಿಸ್_ಬ್ಯಾಗ್

ಒಳ್ಳೆಯ ಪ್ರಶ್ನೆ ಕೇಳಿದ್ರಿ. ಬಹಳ ಮಂದಿ ಎಡವುವುದು ಇಲ್ಲೇ.

24 ವೋಲ್ಟ್ ಕೊಡುವ ಘಟಕ ಎಸ್‌ಎಂಪಿಎಸ್ ಮಾದರಿಯದು. ಇನ್‌ಪುಟ್ ಇಳಿದರೆ ಒಳಗಿನ ಸ್ವಿಚಿಂಗ್ ಹೊಂದಿಸಿಕೊಂಡು ಔಟ್‌ಪುಟ್ ಅನ್ನು 24ರಲ್ಲೇ ಹಿಡಿಯುತ್ತದೆ, ತೀರ ಕೆಳಗಿಳಿಯುವ ತನಕ ಬಿಟ್ಟುಕೊಡುವುದಿಲ್ಲ. ಅಂದರೆ ಮೇಲೆ ನಡೆಯುವ ಏರಿಳಿತವನ್ನು ಅದು ಮುಚ್ಚಿಡುತ್ತದೆ. ಡಿಸಿ ಲಿಂಕ್‌ಗೆ ಆ ಸೌಲಭ್ಯವಿಲ್ಲ. ಟ್ರಾನ್ಸ್‌ಫಾರ್ಮರ್ ಸೆಕೆಂಡರಿಯ (ಹೊರಗೆ ಕೊಡುವ ಬದಿಯ) ಮೂರು ಫೇಸ್ ನೇರ ಡಯೋಡ್ ಬ್ರಿಡ್ಜ್‌ಗೆ ಹೋಗಿ ಕೆಪಾಸಿಟರ್ ತುಂಬುತ್ತದೆ. ಸೆಕೆಂಡರಿ 210 ವೋಲ್ಟ್ ಇದ್ದರೆ ಲೋಡ್ ಇಲ್ಲದಾಗ ಡಿಸಿ ಸುಮಾರು 297 ವೋಲ್ಟ್ ಬರುತ್ತದೆ, ಅಂದರೆ ಲೈನ್ ವೋಲ್ಟೇಜಿನ 1.41 ಪಟ್ಟು. ಎಸಿ ಇಳಿದಷ್ಟೂ ಡಿಸಿ ಇಳಿಯುತ್ತದೆ, ಮೋಟರ್ ವೇಗ ಪಡೆಯುವ ಕ್ಷಣದಲ್ಲಿ ಇನ್ನಷ್ಟು ಕುಸಿಯುತ್ತದೆ. ಹಾಗಾಗಿ 24 ವೋಲ್ಟ್ ಗಟ್ಟಿ ಇದ್ದೂ 136 ಬರುವುದರಲ್ಲಿ ವಿರೋಧವೇನಿಲ್ಲ.

ಈ ಕಂಟ್ರೋಲರ್‌ಗೆ ಇನ್‌ಪುಟ್ ಮಿತಿ ಮೇಲೆ 10 ಶೇಕಡಾ, ಕೆಳಗೆ 15 ಶೇಕಡಾ. 210ರ ಲೆಕ್ಕದಲ್ಲಿ 231ರಿಂದ 178ರವರೆಗೆ. ತಾರಿಹಾಳದವರೇ, ಸೆಕೆಂಡರಿಯನ್ನು ಮುಂಜಾನೆ ಒಮ್ಮೆ, ಸಂಜೆ ಫಾಲ್ಟ್ ಬರುವ ಹೊತ್ತಿಗೆ ಒಮ್ಮೆ ಅಳೆದು ಹಾಕಿ. ಮೀಟರಿನಲ್ಲಿ ಕನಿಷ್ಠ ಬೆಲೆ ಹಿಡಿದಿಡುವ ಮಿನ್-ಮ್ಯಾಕ್ಸ್ ಇದ್ದರೆ ಅದನ್ನು ಒತ್ತಿಟ್ಟು ಪೊಸಿಷನರ್ ತಿರುಗಿಸಿ. ಮೀಟರ್ ಇಂಥ ಪ್ಯಾನಲ್ ಅಳೆಯಲು ಸುರಕ್ಷಿತವಾದ ಸಿಎಟಿ-3 ದರ್ಜೆಯದಿರಲಿ. ಬಾಗಿಲು ತೆರೆದು ಲೈವ್ ಅಳೆಯುವ ಕೆಲಸ ಅಭ್ಯಾಸ ಇದ್ದವರೇ ಮಾಡಲಿ, ಪಕ್ಕದಲ್ಲಿ ಇನ್ನೊಬ್ಬರು ನಿಂತಿರಲಿ.

ಇನ್ನೊಂದು ಕೆಲಸ: ಅಲಾರ್ಮ್ ಹಿಸ್ಟರಿ ತೆಗೆದು ನೋಡಿ. 136 ಬಿಟ್ಟು ಬೇರೇನಿದೆ?

ಗದಗ_ಜಿನ್ನಿಂಗ್

ರೋಬೋಟ್ ನಾ ಮುಟ್ಟಿಲ್ಲರಿ, ಹತ್ತಿ ಜಿನ್ನಿನ ಎಲೆಕ್ಟ್ರಿಶಿಯನ್. ಆದ್ರ ಲೈನಿನ ವಿಷಯ ಅಂದ್ರ ಹೇಳಾಕಬೇಕು. ಮೂರು ಫೇಸಿನಾಗ (ಆರ್, ವೈ, ಬಿ) ಆರ್-ವೈ ಒಂದ ಅಳದು ಬಿಡಬ್ಯಾಡ್ರಿ, ವೈ-ಬಿ, ಬಿ-ಆರ್ ಮೂರೂ ಅಳೀರಿ, ಅದೂ ಲೋಡಿನ ಮ್ಯಾಲ. ಒಂದು ಫೇಸಿನ ಫ್ಯೂಸ್ ಹೋಗಿದ್ರೂ ಅದ ಲೈನಿನಾಗ ತಿರುಗೂ ಮೋಟರ್‌ಗಳು ಸತ್ತ ಫೇಸಿಗೆ ಹಿಂದಿನಿಂದ ವೋಲ್ಟೇಜ್ ಕೊಟ್ಟು ಕುಂತಿರತಾವ. ಮೀಟರ್ ಹಿಡದ್ರ 350, 360 ತೋರಸತೈತಿ, ನೋಡಿದಾಂವ "ಸ್ವಲ್ಪ ಲೋ ಐತಿ ಅಷ್ಟ" ಅಂತಾನ. ನಿಮ್ಮ ಪಿಎಸ್‌ಯು ಎರಡ ಲೈನಿನ ಮ್ಯಾಲ ಓಡೂದಾದ್ರ, ಮೂರನೇದು ಹೋದ್ರೂ ಪೆಂಡೆಂಟ್ ಹೊತ್ತತೈತಿ, ಸರ್ವೋ ಮಾತ್ರ ಏಳಂಗಿಲ್ಲ.

ತಾರಿಹಾಳ_ವೆಲ್ಡ್

ಎಲ್ಲಾರೂ ಹೇಳಿದ್ದು ಮಾಡೀನ್ರಿ.

ಮುಂಜಾನಿ: ಪ್ರೈಮರಿ 412, 413, 411. ಸೆಕೆಂಡರಿ 187.
ಸಂಜಿ: ಪ್ರೈಮರಿ 384, 386, 383. ಸೆಕೆಂಡರಿ 174. ಪೊಸಿಷನರ್ ತಿರುಗೂ ಮುಂದ ಮಿನ್ 168, ಅಲ್ಲೇ 136 ಬಿತ್ತು.

ಮೂರೂ ಫೇಸ್ ಸಮ ಅದಾವ, ಗದಗದವರು ಹೇಳಿದ್ದು ನಮ್ಮಲ್ಲಿ ಇಲ್ಲ. ಟ್ಯಾಪ್ ಫೋಟೊ ಹಾಕೀನಿ ನೋಡ್ರಿ. ವಯರ್ ಕುಂತದ್ದು 440-480ರ ಮ್ಯಾಲ. ಬಾಜೂಕ 380-415 ಖಾಲಿ ಐತಿ. ಕಾಕಾ, ನಿಮ್ಮ ಬಾಯಾಗ ಸಕ್ರಿ ಹಾಕಬೇಕು.

ಅಲಾರ್ಮ್ ಹಿಸ್ಟರ್ಯಾಗ 136 ಬಿಟ್ರ ಎಸ್‌ಆರ್‌ವಿಒ-002, 003 ಭಾಳ ಅದಾವ. ಯಾರೂ ಇ-ಸ್ಟಾಪ್ (ತುರ್ತಿಗೆ ನಿಲ್ಲಸೂ ಬಟನ್) ಒತ್ತಿಲ್ಲ ಅಂತ ಆಪರೇಟರ್ ಹೇಳತಾನ.

ಪ್ಯಾನಲ್_ಕಾಕಾ

ಸಕ್ರಿ ಬ್ಯಾಡಪ್ಪ, ಶುಗರ್ ಐತಿ. ಪೇಡೆ ಮನಿಯವ್ರಿಗೆ ಕೊಡು.

ಈಗ ನೋಡ್ರಿ, 412 ಇದ್ದಾಗ 187, ಅಂದ್ರ ಮುಂಜಾನಿನೂ ಅದು ಕುಂಟಿಕೊಂತನ ಓಡಾಕ್ಹತ್ತಿತ್ತು, ಮಿತಿಯೊಳಗ ಇದ್ದದ್ದಕ್ಕ ತ್ರಾಸು ಹೊರಗ ಕಾಣಲಿಲ್ಲ ಅಷ್ಟ. ಸಂಜಿಕ ಸುತ್ತಲಿನ ಶೆಡ್‌ಗಳ ಲೋಡೂ ಕೂಡಿ ಲೈನು 384ಕ್ಕ ಇಳೀತು, ಇದು 178ರ ಕೆಳಗ ಜಾರಿತು. 384 ಅನ್ನೂದು 415ಕ್ಕ ಹೋಲಿಸಿದ್ರ ಏಳೂವರಿ ಶೇಕಡಾ ಕಡಿಮಿ, ಯಾವ ಮೋಟರೂ ಅದಕ್ಕ ತಕರಾರು ಮಾಡಂಗಿಲ್ಲ. ಅದಕ್ಕ ಶೆಡ್ಡಿನ ಉಳದ ಮಷೀನ್ ಎಲ್ಲಾ ಆರಾಮ ಓಡತಾವ, ಇದೊಂದ ಅಳತೈತಿ. ಲೈನಿನ ಮ್ಯಾಲೂ ತಪ್ಪು ಹಾಕಬ್ಯಾಡ್ರಿ, ಆಂಪ್ಲಿಫೈಯರ್ ಮ್ಯಾಲೂ ಬ್ಯಾಡ.

ಇದನ್ನ ಕೂಡಿಸಿದಾಂವ ಬಾಗಿಲದ ಮ್ಯಾಲಿನ ಪ್ಲೇಟ್ ಓದಿದ್ರ ಸಾಕಿತ್ತು.

ಸರ್ವಿಸ್_ಬ್ಯಾಗ್

ಟ್ಯಾಪ್ ಬದಲಿಸುವ ಮುನ್ನ ಎರಡು ಮಾತು.

ಮೊದಲು ಬ್ಯಾಕಪ್. ಮೆಮೊರಿ ಕಾರ್ಡಿಗೆ ಎಲ್ಲ ಫೈಲು, ಸಾಧ್ಯವಾದರೆ ಇಮೇಜ್ ಬ್ಯಾಕಪ್ ಕೂಡ. ಮುಖ್ಯ ಬೋರ್ಡಿನ ಮೇಲಿರುವ 3 ವೋಲ್ಟ್ ಲಿಥಿಯಂ ಬ್ಯಾಟರಿ ಪ್ರೋಗ್ರಾಂಗಳನ್ನು ಕಾಯುತ್ತದೆ, ಅದಕ್ಕೆ ನಾಲ್ಕು ವರ್ಷದ ಆಯುಸ್ಸು. ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಅದನ್ನು ಯಾವಾಗ ಬದಲಿಸಿದ್ದಾರೋ ಯಾರಿಗೂ ಗೊತ್ತಿರುವುದಿಲ್ಲ. ನೀವು ಪವರ್ ತೆಗೆದು ಅರ್ಧ ದಿನ ಕೆಲಸ ಮಾಡುವಾಗ ಅದು ಸತ್ತರೆ ಹೊಸ ತಲೆನೋವು.

ಎರಡನೆಯದು, ಕಂಟ್ರೋಲರಿನ ಬ್ರೇಕರ್ ಮಾತ್ರ ಇಳಿಸಿದರೆ ಅದರ ಮೇಲ್ಬದಿ ಇನ್ನೂ ಜೀವಂತ. ಶೆಡ್ಡಿನ ಎಂಸಿಸಿಬಿ (ಮೇನ್ ಬ್ರೇಕರ್) ಇಳಿಸಿ, ಬೀಗ ಹಾಕಿ, ಚೀಟಿ ತೂಗುಹಾಕಿ. ಡಿಸಿ ಲಿಂಕ್ ಕೆಪಾಸಿಟರ್ ಖಾಲಿಯಾಗಲು ಬಿಡಿ. ಆಂಪ್ಲಿಫೈಯರ್ ಮೇಲಿನ ಕೆಂಪು ಚಾರ್ಜ್ ದೀಪ ಆರಬೇಕು. ದೀಪವನ್ನು ನಂಬಿ ಕೂರಬೇಡಿ, ಅದೂ ಸುಟ್ಟಿರಬಹುದು. ಮೀಟರ್ ಹಿಡಿದು 50 ವೋಲ್ಟಿಗಿಂತ ಕೆಳಗೆ ಬಂದದ್ದು ಕಣ್ಣಾರೆ ನೋಡಿ. ಮೂರೂ ಫೇಸಿನ ವಯರನ್ನು ಒಂದೇ ಟ್ಯಾಪಿಗೆ ಸರಿಸಿ, ಒಂದನ್ನು ಮರೆತರೆ ಅಸಮತೋಲನವಾಗುತ್ತದೆ. ಆನ್ ಮಾಡಿದ ಮೇಲೆ ಸರ್ವೋ ಏರಿಸುವ ಮೊದಲು ಸೆಕೆಂಡರಿ ಅಳೆಯಿರಿ.

ನಿಮ್ಮ ಅಳತೆ ನೋಡಿದರೆ ಹೊಸ ಟ್ಯಾಪಿನಲ್ಲಿ ಸಂಜೆ 202ರ ಆಸುಪಾಸು, ಮುಂಜಾನೆ 216 ಸಿಗಬೇಕು. ನನಗಿರುವ ಅನುಮಾನ ಈಗ ಉಲ್ಟಾ ದಿಕ್ಕಿನದು. ಭಾನುವಾರ ನಡುರಾತ್ರಿ ಲೈನ್ ಎಷ್ಟಿರುತ್ತದೆ? 436 ಆದರೆ ಸೆಕೆಂಡರಿ 229 ಆಗುತ್ತದೆ, 231ರ ಗಡಿಗೆ ಹತ್ತಿರ. ರೋಬೋಟ್ ಬ್ರೇಕ್ ಹಿಡಿಯುವಾಗ ಮೋಟರಿನಿಂದ ಶಕ್ತಿ ವಾಪಸ್ ಡಿಸಿ ಲಿಂಕಿಗೆ ಬರುತ್ತದೆ. ಆ ಹೊತ್ತಿನಲ್ಲಿ ಎಸ್‌ಆರ್‌ವಿಒ-044, ಹೈ ವೋಲ್ಟೇಜ್, ಬರಬಹುದು. ರಜೆ ದಿನವೂ ಒಮ್ಮೆ ಅಳೆದಿಡಿ.

ಬೇಲೂರು_ಬಿ_ಶಿಫ್ಟ್

ಹಂಗಾದ್ರ ಒಂದು ಸರ್ವೋ ಸ್ಟೆಬಿಲೈಜರ್ ಹಾಕಿದ್ರ ಎರಡೂ ಕಡೆ ಆತಲ್ರಿ? ಟ್ಯಾಪ್ ತಿರುಗ್ಯಾಡೂ ಕೆಲಸನ ಇಲ್ಲ.

ಗದಗ_ಜಿನ್ನಿಂಗ್

ಟ್ಯಾಪ್ ಬದಲಿ ಮಾಡಾಕ ಬೇಕಾದ್ದು ಒಂದು ಪಾನಾ, ಒಂದು ತಾಸು. ಸ್ಟೆಬಿಲೈಜರಿಗೆ ಬೇಕಾದ್ದು ರೊಕ್ಕ. ಅದೂ ಬ್ಯಾರೆ, ಒಳಗ ಮೋಟರ್ ತಿರುಗಿ ಬ್ರಷ್ ಸರದು ವೋಲ್ಟೇಜ್ ಸರಿ ಮಾಡಬೇಕು. ನಿಧಾನ ಇಳಿಯೂ ಲೈನಿಗೆ ನಡೀತೈತಿ. ಬಾಜೂಕಿನ ಪ್ರೆಸ್ ಚಾಲೂ ಆದಾಗ ಕಣ್ಣು ಮುಚ್ಚಿ ತಗಿಯೂದರಾಗ ಬರೂ ಡಿಪ್ಪು ಅದಕ್ಕ ಸಿಗಂಗಿಲ್ಲ.

ಸರ್ವಿಸ್_ಬ್ಯಾಗ್

ಗದಗದವರ ಮಾತೇ ನನ್ನದೂ. ತಪ್ಪು ಟ್ಯಾಪಿನ ಮೇಲೆ ಸ್ಟೆಬಿಲೈಜರ್ ಕೂರಿಸಿದರೆ ಅದು 415 ಗಟ್ಟಿಯಾಗಿ ಕೊಡುತ್ತದೆ, ಸೆಕೆಂಡರಿ 188ರಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ! ಮೊದಲು ಟ್ಯಾಪ್, ಆಮೇಲೆ ಅಗತ್ಯ ಕಂಡರೆ ಉಳಿದದ್ದು. ಪೊಸಿಷನರೂ ರೋಬೋಟೂ ಒಟ್ಟಿಗೇ ವೇಗ ಪಡೆಯದಂತೆ ಪ್ರೋಗ್ರಾಮಿನಲ್ಲಿ ಸ್ವಲ್ಪ ಹಿಂದೆಮುಂದೆ ಮಾಡಿದರೆ ಅದೂ ಒಂದಿಷ್ಟು ಭಾರ ಇಳಿಸುತ್ತದೆ.

ತಾರಿಹಾಳ_ವೆಲ್ಡ್

ಟ್ಯಾಪ್ ಬದಲಿ ಆತ್ರಿ. ಸಂಜಿಕ 201, ಪೊಸಿಷನರ್ ತಿರುಗಿದ್ರ 195. ವಾರ ಆತು, 136 ಮುಖ ತೋರಿಸಿಲ್ಲ. ಭಾನುವಾರ ರಾತ್ರಿ ವಾಚ್‌ಮನ್ ಕಡೆ ಪ್ಯಾನಲ್ ಮೀಟರ್ ಫೋಟೊ ತಗಸೀನಿ, ಲೈನು 428 ಇತ್ತು.

ಆದ್ರ ಪೆಂಡೆಂಟ್ ಕಥಿ ಮುಗೀಲಿಲ್ಲ. ಮೊದಲು ಆರಿ ಮತ್ತ ಬರತಿತ್ತು, ನಿನ್ನೆ ಆರಿದ್ದು ಬರಲೇ ಇಲ್ಲ. ಪಿಎಸ್‌ಯು ಮ್ಯಾಲ ಪಿಐಎಲ್ ಅನ್ನೂ ದೀಪ ಹಸಿರು ಹತ್ತೈತಿ.

ಸರ್ವಿಸ್_ಬ್ಯಾಗ್

ಪಿಐಎಲ್ ಹತ್ತಿದೆ ಅಂದರೆ ಪಿಎಸ್‌ಯುಗೆ ಎಸಿ ಬಂದಿದೆ, ಇನ್‌ಪುಟ್ ಫ್ಯೂಸ್ ಎಫ್1 ಬದುಕಿದೆ. ಅದು ಆರಿದ್ದರೆ ಹುಡುಕಾಟ ಟ್ರಾನ್ಸ್‌ಫಾರ್ಮರ್ ಕಡೆ ಹೋಗುತ್ತಿತ್ತು. ಈಗ ಎಫ್3 ನೋಡಿ, ಅದು +24ಇ ಲೈನಿನದು. ಎಫ್4 ಇರುವುದು +24 ವೋಲ್ಟಿಗೆ. ಈ ಅಲಾರ್ಮ್ ಫ್ಯೂಸ್‌ಗಳಲ್ಲಿ ಸಣ್ಣ ಕಿಟಕಿ ಇರುತ್ತದೆ, ಸುಟ್ಟಿದ್ದರೆ ಗುರುತು ಕಾಣುತ್ತದೆ. ಕಂಡರೂ ಕಾಣದಿದ್ದರೂ ಪವರ್ ತೆಗೆದು ಮೀಟರಿನಲ್ಲಿ ಕಂಟಿನ್ಯುಟಿ ನೋಡಿ.

ಮೊದಲು ನೀವೇ ಹೇಳಿದ ಇನ್ನೊಂದು ಸುಳಿವು ಹಾಗೇ ಬಿದ್ದಿದೆ. 002 ಅಂದರೆ ಪೆಂಡೆಂಟಿನ ಇ-ಸ್ಟಾಪ್, 003 ಅಂದರೆ ಡೆಡ್‌ಮ್ಯಾನ್ ಸ್ವಿಚ್ (ಪೆಂಡೆಂಟಿನಲ್ಲಿ ಹಿಡಿದೇ ಇರಬೇಕಾದ ಸುರಕ್ಷತಾ ಸ್ವಿಚ್) ಬಿಟ್ಟದ್ದು. ಯಾರೂ ಒತ್ತದೆ, ಬಿಡದೆ ಇವು ಬಂದಿವೆ. ಎರಡರ ವಯರೂ ಹಾದು ಬರುವುದು ಒಂದೇ ಕೇಬಲಿನಲ್ಲಿ, ಪೆಂಡೆಂಟಿನ ಸಪ್ಲೈ ಕೂಡ ಅದರಲ್ಲೇ. ಆರಿದ್ದು ಆಫ್-ಆನ್ ಮಾಡಿದರೆ ಮತ್ತೆ ಬರುವುದು ಫ್ಯೂಸ್ ಮಾಡುವ ಕೆಲಸವಲ್ಲ, ಫ್ಯೂಸ್ ಒಮ್ಮೆ ಹೋದರೆ ಹೋಯಿತು. ಒಳಗೆ ಒಂದು ಎಳೆ ತುಂಡಾಗಿ ತಾಕಿ ಬಿಡುತ್ತಿತ್ತು, ನಿನ್ನೆ ಅದು ಪಕ್ಕದ ಎಳೆಗೆ ತಗುಲಿ ಫ್ಯೂಸ್ ಎಳೆದುಕೊಂಡು ಹೋಗಿದೆ ಎಂದು ನನ್ನ ಊಹೆ.

ಹೊಸ ಫ್ಯೂಸ್ ಹಾಕುವ ಮೊದಲೇ ಪೆಂಡೆಂಟ್ ಕೇಬಲ್ ಬಿಚ್ಚಿಡಿ. ದಯವಿಟ್ಟು ತಾಮ್ರದ ಎಳೆ ಸುತ್ತಿ ಓಡಿಸಬೇಡಿ. ಮೋಟರ್ ಸ್ಟಾರ್ಟರಿನಲ್ಲಿ ಅದನ್ನು ಮಾಡುವವರನ್ನು ನೋಡಿದ್ದೇನೆ. ಇಲ್ಲಿ ಫ್ಯೂಸ್ ಬದಲು ಪಿಸಿಬಿಯ ಟ್ರ್ಯಾಕ್ ಸುಡುತ್ತದೆ.

ರಾಣೆಬೆನ್ನೂರು_ವೈಂಡರ್

ಫ್ಯೂಸ್ ಒಂದೊಂದ ಸುಡೂ ಬದ್ಲಿ ಫ್ಯೂಸಿನ ಜಾಗಾದಾಗ ಲಾರಿಯ 24 ವೋಲ್ಟ್ 21 ವ್ಯಾಟ್ ಬಲ್ಬ್ ಸೀರೀಸ್ ಹಾಕ್ರಿ. ಶಾರ್ಟ್ ಇದ್ರ ಫುಲ್ ಉರೀತೈತಿ, ಕರೆಂಟ್ 1 ಆಂಪಿಯರ್ ಒಳಗ ನಿಲ್ಲತೈತಿ. ಒಂದೊಂದ ಕನೆಕ್ಟರ್ ಬಿಚ್ಚಿಕೋತ ಹೋಗ್ರಿ, ಯಾವುದಕ್ಕ ಬಲ್ಬ್ ಮಂದ ಆತು ಅಲ್ಲೇ ಕಳ್ಳ ಅದಾನ. ಲಾರಿ ವೈರಿಂಗ್ ಮಂದಿ ಎಲ್ಲಾ ಹಿಂಗ ಹುಡುಕೂದು.

ಸರ್ವಿಸ್_ಬ್ಯಾಗ್

ವಿದ್ಯೆ ಒಳ್ಳೆಯದೇ. ಪ್ಯಾನಲಿನಿಂದ ಹೊರಗೆ ಹೋಗುವ ಸೆನ್ಸರ್, ಸೊಲೆನಾಯ್ಡ್ ಲೈನಿಗೆ ನಾನೂ ಬಳಸಿದ್ದೇನೆ. ಆದರೆ +24ಇ ಮೇಲೆ ಎಮರ್ಜೆನ್ಸಿ ಸ್ಟಾಪ್ ಸರ್ಕ್ಯೂಟ್ ಇದೆ. ಬಲ್ಬಿನಿಂದಾಗಿ ವೋಲ್ಟೇಜ್ ಅರ್ಧಂಬರ್ಧ ಆದಾಗ ಆ ರಿಲೇಗಳು ಹೇಗೆ ವರ್ತಿಸುತ್ತವೆ ಎಂಬ ಪ್ರಯೋಗವನ್ನು ರೋಬೋಟ್ ಪಕ್ಕ ನಿಂತು ಮಾಡಲು ನನಗೆ ಇಷ್ಟವಿಲ್ಲ. ಪವರ್ ತೆಗೆದು, ಕೇಬಲ್ ಎರಡೂ ತುದಿ ಬಿಚ್ಚಿ, ಓಮ್ಸ್‌ನಲ್ಲಿ ಎಳೆ ಎಳೆ ನೋಡುವುದೇ ಸಾಕು. ಹಾಗೆ ನೋಡುವಾಗ ಕೇಬಲನ್ನು ಉದ್ದಕ್ಕೂ ಬಗ್ಗಿಸುತ್ತ ಹೋಗಿ. ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ತರಬೇಡಿ, 500 ವೋಲ್ಟ್ ಎಲೆಕ್ಟ್ರಾನಿಕ್ಸ್‌ಗೆ ಹೋದರೆ ಪೆಂಡೆಂಟೂ ಹೋಗುತ್ತದೆ, ಬೋರ್ಡೂ ಹೋಗುತ್ತದೆ.

ರಾಣೆಬೆನ್ನೂರು_ವೈಂಡರ್

ಹೌದ್ರಿ, ಸೇಫ್ಟಿ ಲೈನ್ ಅಂತ ಗೊತ್ತಿರಲಿಲ್ಲ. ಅಲ್ಲಿ ಬಲ್ಬ್ ಬ್ಯಾಡ.

ತಾರಿಹಾಳ_ವೆಲ್ಡ್

ಸಿಕ್ತು! ಎಫ್3 ಸುಟ್ಟಿತ್ತು. ಕೇಬಲ್ ಬಿಚ್ಚಿ ಹೊಸ ಫ್ಯೂಸ್ ಹಾಕಿದ್ರ ನಿಂತೈತಿ. ಕೇಬಲ್ ಬಗ್ಗಸ್ಕೋತ ಹೋದ್ವಿ, ಪೆಂಡೆಂಟಿನಿಂದ ಒಂದು ಮಾರು ದೂರದಾಗ ಓಮ್ಸ್ ಕುಣೀಲಿಕ್ಕೆ ಹತ್ತಿತು. ಫಿಕ್ಸ್ಚರ್ ಟ್ರಾಲಿ ಗಾಲಿ ದಿನಾ ಅದರ ಮ್ಯಾಲ ಹಾಯತಿತ್ತು. ಮ್ಯಾಲಿನ ಕವರಿಗೆ ಏನೂ ಆಗಿಲ್ಲ, ಕೈಯಾಗ ಹಿಚುಕಿದ್ರ ಒಳಗ ಚಪ್ಪಟಿ. ಅಲ್ಲಿಷ್ಟ ಕತ್ತರಿಸಿ ಬೆಸುಗಿ ಹಾಕಿದ್ರ ನಡೀತೈತೇನ್ರಿ? ಹೊಸ ಕೇಬಲ್ ಬರಾಕ ದಿನಾ ಹಿಡೀತೈತಿ.

ಸರ್ವಿಸ್_ಬ್ಯಾಗ್

ಬೇಡ. ಇ-ಸ್ಟಾಪ್, ಡೆಡ್‌ಮ್ಯಾನ್ ಎಳೆಗಳಿರುವ ಕೇಬಲಿಗೆ ತೇಪೆ ಹಾಕುವುದಿಲ್ಲ. ಬರುವ ತನಕ ಕೈ ವೆಲ್ಡಿಂಗ್ ಮಾಡಿಸಿ. ಹೊಸದು ಬಂದ ಮೇಲೆ ಟ್ರಾಲಿ ಹಾಯುವ ಕಡೆ ಮೇಲಿಂದ ತೂಗುಹಾಕಿ, ನೆಲಕ್ಕೆ ಬಿಡಬೇಡಿ.

ಬೇಲೂರು_ಬಿ_ಶಿಫ್ಟ್

ವಿಷಯಾಂತರ. ನಮ್ಮ ಇನ್ನೊಂದು ಲೈನಿನಾಗ ಕುಕಾ ಕೆಆರ್‌ಸಿ4 ಐತಿ. ಲೈಟ್ ಹೋದಾಗ ಅದರೊಳಗಿನ ಪಿಸಿ ಸರಿಯಾಗಿ ಬಂದ್ ಆಗಲಿ ಅಂತ ಬ್ಯಾಟರಿ ಕೊಟ್ಟಾರ. ಅವು ಮುಪ್ಪಾಗಿದ್ರ ಕರೆಂಟ್ ಹೋಗಿ ಬಂದಾಗೆಲ್ಲ ಬೂಟ್ ಆಗಾಕ ತಕರಾರು. ಎಬಿಬಿ ಐಆರ್‌ಸಿ5ನಾಗ ಅದ ಕೆಲಸಕ್ಕ ಅಲ್ಟ್ರಾ ಕೆಪಾಸಿಟರ್ ಇರತೈತಿ. ಮಳಿಗಾಲದ ಮುಂಚೆ, ಅಡ್ಡಮಳಿ ಸಿಡಿಲು ಶುರು ಆಗೂದರಾಗ, ಇವನ್ನ ನೋಡಿ ಇಟ್ಕೋರಿ.

ಪ್ಯಾನಲ್_ಕಾಕಾ

ಅಡ್ಡಮಳಿ ಅಂದ ಕೂಡಲೇ ನೆನಪಾತು. ಅರ್ಥಿಂಗ್ ಪಿಟ್ ನೋಡ್ರಿ. ನಮ್ಮ ಕರಿ ಮಣ್ಣು ಏಪ್ರಿಲ್‌ದಾಗ ಕೈ ಹೋಗೂವಂಗ ಬಿರೀತೈತಿ, ರಾಡು ಮಣ್ಣು ಬಿಟ್ಟು ನಿಲ್ಲತೈತಿ. ಜೂನ್‌ದಾಗ ಅಳದ ರೀಡಿಂಗ್ ರಜಿಸ್ಟರಿನಾಗ ಬರದು ಬ್ಯಾಸಗಿಗೂ ಅದ ಅಂದ್ರ ಹೆಂಗ? ನೀರು ಹಾಕಿಸಿ ಬ್ಯಾಸಗ್ಯಾಗ ಅಳೀರಿ.

ಡಿಪ್ಲೊಮಾ_ಕೊನೇ_ವರ್ಷ

ಸರ್, ಇನ್ನೊಂದೇ ಪ್ರಶ್ನೆ. ರೋಬೋಟ್ ಕೈಯೊಳಗೂ ಬ್ಯಾಟರಿ ಇರ್ತಾವಂತೆ. ಇಷ್ಟೆಲ್ಲ ಪವರ್ ತೆಗೆದು ಕೆಲಸ ಮಾಡಿದಾಗ ಅವಕ್ಕೇನೂ ಆಗಲಿಲ್ವಾ?

ಸರ್ವಿಸ್_ಬ್ಯಾಗ್

ಆಗುವುದಿಲ್ಲ. ಪವರ್ ಇಲ್ಲದಾಗ ಎನ್‌ಕೋಡರ್ (ಪ್ರತಿ ಕೀಲು ಎಲ್ಲಿದೆ ಎಂದು ಅಳೆಯುವ ಸೆನ್ಸರ್) ನೆನಪು ಕಾಯುವುದೇ ಅವುಗಳ ಕೆಲಸ. ಫ್ಯಾನಕ್‌ನ ಸಾಮಾನ್ಯ ಮಾದರಿಗಳಲ್ಲಿ 1.5 ವೋಲ್ಟಿನ ನಾಲ್ಕು ದೊಡ್ಡ ಡಿ ಸೆಲ್, ವರ್ಷಕ್ಕೊಮ್ಮೆ ಬದಲಿ. ಬದಲಿಸುವಾಗ ಮಾತ್ರ ಕಂಟ್ರೋಲರ್ ಆನ್ ಇರಬೇಕು, ಇ-ಸ್ಟಾಪ್ ಒತ್ತಿರಬೇಕು. ಆಫ್ ಮಾಡಿ ಸೆಲ್ ತೆಗೆದರೆ ಎಸ್‌ಆರ್‌ವಿಒ-062 ಬರುತ್ತದೆ, ಮಾಸ್ಟರಿಂಗ್ (ಕೀಲುಗಳ ಸೊನ್ನೆ ಜಾಗದ ಹೊಂದಿಕೆ) ಹೋಗುತ್ತದೆ, ಪ್ರತಿ ಪಾಯಿಂಟನ್ನೂ ಮತ್ತೆ ತಾಳೆ ನೋಡಬೇಕಾಗುತ್ತದೆ. 065 ಬಂದರೆ ಅದು ಸೆಲ್ ಇಳಿಯುತ್ತಿದೆ ಎಂಬ ಮುನ್ಸೂಚನೆ, ಆಗಲೇ ಬದಲಿಸಬೇಕು.

ತಾರಿಹಾಳ_ವೆಲ್ಡ್

ನಮ್ದರಾಗ ಆ ಸೆಲ್ ಹಾಕಿದ ತಾರೀಖು ಎಲ್ಲೂ ಬರದಿಲ್ಲ. ಶನಿವಾರ ಬದಲಿ ಮಾಡತೇವಿ, ಆವತ್ತ ಹೊಸ ಕೇಬಲ್ಲೂ ಬರತೈತಿ. ಡಿಪ್ಲೊಮಾದವ್ರ, ನೋಡಬೇಕಂದ್ರ ನೀವೂ ಬರ್ರಿ, ಮೀಟರ್ ಹಿಡಿಯಾಕ ಒಬ್ರು ಬೇಕಾಗೇರಿ. ಸೇಫ್ಟಿ ಶೂ ಹಾಕ್ಕೊಂಡ ಬರ್ರಿ, ಚಪ್ಪಲ್ ಮ್ಯಾಲ ಬಂದ್ರ ನಮ್ಮ ಮಾಲಕರು ಗೇಟಿನಾಗ ನಿಲ್ಲಸತಾರ.

ಡಿಪ್ಲೊಮಾ_ಕೊನೇ_ವರ್ಷ

ಬರ್ತೀನ್ರಿ ಸರ್. ಎಷ್ಟು ಗಂಟೆಗೆ?

ತಾರಿಹಾಳ_ವೆಲ್ಡ್

ಮುಂಜಾನಿ ಒಂಬತ್ತಕ್ಕ. ಚಹಾ ನಮ್ಮ ಕಡೆ.